ಸಾರು ಒಂದೇ, ಖಾರ ಅವರವರದು

ಆಷಾಢದ ಸೋನೆ ಹಿಡಿದುಕೊಂಡ ಸಂಜೆಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆಯ ಹಳ್ಳಿಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ‘ಯಾಕೋ ಬಾಯಿ ಕೆಟ್ಟೋಗದೆ ಕಣವ್ವ, ಒಸಿ ಉಪ್ಸಾರು ಮಾಡು.’ ಹೇಳಿದವನಿಗೆ ಜ್ವರವಿಲ್ಲ, ಹೊಟ್ಟೆನೋವೂ ಇಲ್ಲ. ಹಸಿವಿಲ್ಲವೇ ಎಂದರೆ ಇದೆ. ಆದರೆ ಯಾವುದೂ ಸೇರುತ್ತಿಲ್ಲ. ವೈದ್ಯರ ಬಳಿಗೆ ಹೋದರೆ ಈ ಸ್ಥಿತಿಗೆ ಒಂದು ಹೆಸರು ಸಿಗುವುದು ಕಷ್ಟ. ಅಡುಗೆಮನೆಯಲ್ಲಿ ಮಾತ್ರ ದೂರು ತಕ್ಷಣ ಅರ್ಥವಾಗುತ್ತದೆ. ‘ಏನಾಗಿದೆ’ ಎಂದು ಯಾರೂ ಎರಡನೆಯ ಸಲ ಕೇಳುವುದಿಲ್ಲ. ಒಲೆಯ ಮೇಲೆ ಎಸರು ಏರುತ್ತದೆ.

ಮೈಯ ಮಾತನ್ನು ಹೇಳುವುದಕ್ಕೆ ಕನ್ನಡದಲ್ಲಿ ಪದಗಳ ಬಡತನವಿಲ್ಲ. ಬಾಯಿ ಕೆಡುತ್ತದೆ, ನಾಲಿಗೆ ಸಪ್ಪೆಯಾಗುತ್ತದೆ, ಹೊಟ್ಟೆ ಭಾರವಾಗುತ್ತದೆ, ಎದೆ ಉರಿಯುತ್ತದೆ, ಮೈ ಕಾಯುತ್ತದೆ, ಕೈಕಾಲು ಸೇದುತ್ತದೆ. ಇವು ಒಂದಕ್ಕೊಂದು ಪರ್ಯಾಯಪದಗಳಲ್ಲ. ಹೊಟ್ಟೆ ಭಾರ ಎಂದವನಿಗೆ ಕೊಡುವುದು ಬೇರೆ, ಮೈ ಕಾಯುತ್ತಿದೆ ಎಂದವನಿಗೆ ಕೊಡುವುದು ಬೇರೆ. ಈ ಪಟ್ಟಿಯ ಪಕ್ಕದಲ್ಲಿ ಸಾರುಗಳ ಇನ್ನೊಂದು ಪಟ್ಟಿಯನ್ನು ಇಡಬಹುದು: ಉಪ್ಪೆಸರು, ಬಸ್ಸಾರು, ಮಸ್ಸೊಪ್ಪು, ಹುರಳಿಕಟ್ಟು, ಮೆಣಸಿನ ಸಾರು, ಏಡಿ ಸಾರು, ಕಾಲು ಸೂಪು. ಎರಡು ಪಟ್ಟಿಗಳನ್ನೂ ಜೋಡಿಸಿ ಓದಿದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಅಡುಗೆಮನೆ ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಒಂದು ವ್ಯವಹಾರ ಕಣ್ಣಿಗೆ ಬೀಳುತ್ತದೆ. ದೇಹ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳುವುದು, ಅದಕ್ಕೆ ತಕ್ಕ ಉತ್ತರವನ್ನು ಪಾತ್ರೆಯಲ್ಲಿ ಕೊಡುವುದು.

ಎಸರಿನಿಂದ ಸಾರಿಗೆ

ಅನ್ನಕ್ಕೋ ಮುದ್ದೆಗೋ ಕಾಳು ಬೇಯಿಸುವುದಕ್ಕೋ ಕುದಿಯಲು ಇಟ್ಟ ನೀರಿಗೆ ಎಸರು ಎಂದು ಹೆಸರು. ಅದಕ್ಕೆ ಉಪ್ಪು ಬಿದ್ದರೆ ಉಪ್ಪೆಸರು. ಮಾತಿನ ಓಟದಲ್ಲಿ ಅದೇ ಉಪ್ಸಾರು, ಉಪ್ಪೆಸ್ರು ಎಂದಾಗಿದೆ. ಹೆಸರಿನಲ್ಲೇ ಅದರ ಬಡತನವೂ ಸರಳತೆಯೂ ಇವೆ. ಎಣ್ಣೆ ಬೇಡ, ಹುರಿದ ಮಸಾಲೆ ಬೇಡ, ತೆಂಗಿನಕಾಯಿ ಇದ್ದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ.

ನಾಲ್ಕು ಮಂದಿಯ ಮನೆಗೆ ಮಾಡುವ ಕ್ರಮ ಹೀಗೆ. ಒಂದು ದೊಡ್ಡ ಲೋಟದಷ್ಟು ಕಾಳು ಬೇಕು. ಅಲಸಂದೆ, ಹೆಸರು, ಹುರಳಿ ಯಾವುದಾದರೂ ಆದೀತು. ಚಳಿಗಾಲವಾದರೆ ಹಸಿ ಅವರೆಕಾಳು. ಒಣಕಾಳನ್ನು ರಾತ್ರಿಯೇ ನೆನೆಹಾಕಿರಬೇಕು. ಆರೇಳು ಲೋಟ ನೀರು ಕುದಿಸಿ ಕಾಳು ಹಾಕಬೇಕು. ಅದು ಮುಕ್ಕಾಲು ಬೆಂದ ಮೇಲೆ ಎರಡು ಹಿಡಿಕಟ್ಟು ಸೊಪ್ಪನ್ನು ಹೆಚ್ಚಿ ಸೇರಿಸಿ ಉಪ್ಪು ಹಾಕಬೇಕು. ದಂಟು, ಕೀರೆ, ನುಗ್ಗೆಸೊಪ್ಪು, ಸಬ್ಬಸಿಗೆ ಯಾವುದೂ ಆದೀತು. ಹೊಲದ ಬದುವಿನಲ್ಲಿ ಆಯ್ದು ತಂದ ಬೆರಕೆ ಸೊಪ್ಪಾದರೆ ಇನ್ನೂ ಒಳ್ಳೆಯದು. ಅಣ್ಣೆ, ಹೊನಗೊನೆ, ಗಣಿಕೆ, ಎಳೆಯ ಕುಂಬಳದ ಕುಡಿ ಎಲ್ಲ ಕೂಡಿದ ಆ ಬೆರಕೆಗೆ ಒಂದೇ ಸೊಪ್ಪಿಗೆ ಬಾರದ ರುಚಿಯಿರುತ್ತದೆ. ಕಾಳು ಒಡೆಯದೆ, ಬೆರಳಲ್ಲಿ ಹಿಸುಕಿದರೆ ಹಿಟ್ಟಾಗುವಷ್ಟು ಬೆಂದಾಗ ಪಾತ್ರೆಗೆ ತಟ್ಟೆ ಮುಚ್ಚಿ ನೀರನ್ನು ಬಸಿದುಕೊಳ್ಳಬೇಕು. ಆ ನೀರೇ ಸಾರು. ಉಳಿದ ಸೊಪ್ಪುಕಾಳಿಗೆ ಈರುಳ್ಳಿ, ಸಾಸಿವೆಯ ಒಗ್ಗರಣೆ ಕೊಟ್ಟರೆ ಪಲ್ಯ.

ಇನ್ನು ಖಾರ. ಏಳೆಂಟು ಒಣಮೆಣಸಿನಕಾಯಿಯನ್ನು ಕೆಂಡದ ಮೇಲೆ ಅಥವಾ ಬಾಣಲೆಯಲ್ಲಿ ಕಂಪು ಬರುವವರೆಗೆ ಬಾಡಿಸಬೇಕು. ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಸಣ್ಣ ನಿಂಬೆಗಾತ್ರದ ಹುಣಸೆಹಣ್ಣು, ಉಪ್ಪು ಸೇರಿಸಿ ಒರಳಿನಲ್ಲಿ ನುಣ್ಣಗೆ ಅರೆಯಬೇಕು. ನೀರು ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ಈ ಖಾರವನ್ನು ಸಾರಿಗೆ ಹಾಕಿ ಕುದಿಸುವುದಿಲ್ಲ. ಬೇರೆ ಬಟ್ಟಲಿನಲ್ಲಿಟ್ಟು ಮುದ್ದೆಯ ಪಕ್ಕ ತರುತ್ತಾರೆ. ಬಸಿದ ನೀರಿಗೇ ಮಸಾಲೆ ಅರೆದು ಹಾಕಿ, ಕುದಿಸಿ, ಒಗ್ಗರಣೆ ಕೊಟ್ಟರೆ ಅದು ಬಸ್ಸಾರಾಗುತ್ತದೆ. ಸೊಪ್ಪುಬೇಳೆಯನ್ನು ಬಸಿಯದೆ ಮಸೆದರೆ ಮಸ್ಸೊಪ್ಪು. ಮೂರೂ ಅಕ್ಕತಂಗಿಯರು. ಆದರೆ ಖಾರವನ್ನು ಹೊರಗಿಡುವ ಗುಣ ಉಪ್ಪೆಸರಿಗೆ ಮಾತ್ರ ಸೇರಿದ್ದು.

ಈ ಸಣ್ಣ ವ್ಯತ್ಯಾಸದಲ್ಲಿ ದೊಡ್ಡ ವಿವೇಕವಿದೆ. ಒಂದೇ ಪಾತ್ರೆಯ ಸಾರನ್ನು ಮೂರು ವರ್ಷದ ಮಗುವೂ ಎಪ್ಪತ್ತರ ಅಜ್ಜಿಯೂ ಗದ್ದೆಯಿಂದ ಬಂದ ಆಳೂ ಉಣ್ಣಬೇಕು. ಮೂವರ ಮೈಯೂ ಬೇರೆ. ಮಗುವಿನ ತಟ್ಟೆಗೆ ಬರಿಯ ಸಾರು, ಮೇಲೆ ನಾಲ್ಕು ಹನಿ ತುಪ್ಪ. ಅಜ್ಜಿಗೆ ಬೆರಳ ತುದಿಯಷ್ಟು ಖಾರ. ನೆಗಡಿ ಹಿಡಿದವನಿಗೆ ಗೋಲಿಯಷ್ಟು. ಹಬ್ಬದ ಮಾರನೆಯ ದಿನ ಹೊಟ್ಟೆ ಭಾರವಾದವನು ಖಾರದ ಬಟ್ಟಲನ್ನು ಮುಟ್ಟುವುದೇ ಇಲ್ಲ. ಅಡುಗೆ ಮಾಡಿದವರು ರುಚಿಯನ್ನು ತೀರ್ಮಾನಿಸಿ ಬಡಿಸುವುದು ಹೆಚ್ಚಿನ ಅಡುಗೆಗಳ ರೀತಿ. ಉಪ್ಪೆಸರು ಕೊನೆಯ ತೀರ್ಮಾನವನ್ನು ಉಣ್ಣುವವನ ನಾಲಿಗೆಗೆ, ಹೊಟ್ಟೆಗೆ ಬಿಟ್ಟುಕೊಡುತ್ತದೆ.

ಕಲ್ಲಹಳ್ಳಿಯ ಸೂಪಶಾಸ್ತ್ರ

ಈ ಸೀಮೆಗೆ ಅಡುಗೆಯ ವಿಚಾರದಲ್ಲಿ ಹಳೆಯ ಹಿರಿಮೆಯೊಂದಿದೆ. ಕನ್ನಡದಲ್ಲಿ ಪಾಕಶಾಸ್ತ್ರವನ್ನೇ ವಸ್ತುವಾಗಿಟ್ಟುಕೊಂಡು ಕಾವ್ಯ ಬರೆದ ಮೂರನೆಯ ಮಂಗರಸ ಹುಣಸೂರು ಸೀಮೆಯ ಕಲ್ಲಹಳ್ಳಿಯ ಒಡೆಯ. 16ನೆಯ ಶತಮಾನದ ಆರಂಭದ ಈ ಜೈನ ಕವಿಯ ‘ಸೂಪಶಾಸ್ತ್ರ’ ಷಟ್ಪದಿಯಲ್ಲಿ ಅಡುಗೆಯನ್ನು ಹೇಳುತ್ತದೆ. ಅವನಿಗಿಂತ ಐದು ಶತಮಾನ ಹಿಂದೆಯೇ ಎರಡನೆಯ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಅಡುಗೆಗೆಂದು ಒಂದು ಭಾಗವನ್ನು ಮೀಸಲಿಟ್ಟಿದ್ದ. ಮಳೆಯ ಲಕ್ಷಣ, ಬಾವಿ ತೋಡುವ ಬಗೆ, ಮದ್ದು ಇವುಗಳ ಸಾಲಿನಲ್ಲಿ ಅಡುಗೆಯನ್ನೂ ಲೋಕಕ್ಕೆ ಉಪಕಾರವಾಗುವ ವಿದ್ಯೆಯೆಂದು ಆತ ಎಣಿಸಿದ.

ಮಂಗರಸನ ಅಡುಗೆಮನೆಯಲ್ಲಿ ಇಂದಿನ ಉಪ್ಪೆಸರಿನ ಒಂದು ಮುಖ್ಯ ವಸ್ತು ಇರಲಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳ ಮೂಲಕ ಅದು ಭಾರತಕ್ಕೆ ಬಂದು ಹರಡಿದ್ದು 16ನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಖಾರವೆಂದರೆ ಮೆಣಸು, ಹಿಪ್ಪಲಿ, ಶುಂಠಿ. ಹೊಸ ಕಾಯಿ ಬಂದಾಗ ಜನ ಅದಕ್ಕೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದರು. ಇಂದಿಗೂ ಉಪ್ಪೆಸರಿನ ಖಾರದಲ್ಲಿ ಎರಡೂ ಒಟ್ಟಿಗೆ ಅರೆಯುತ್ತವೆ. ಬಾಣಂತಿಗೆ, ಜ್ವರ ಬಿಟ್ಟವರಿಗೆ ಮಾಡುವಾಗ ಮಾತ್ರ ಮೆಣಸಿನಕಾಯಿಯನ್ನು ಕೈಬಿಟ್ಟು ಹಳೆಯ ಮೆಣಸಿಗೇ ಮರಳುವುದು ಅನೇಕ ಮನೆಗಳ ರೂಢಿ.

ಮೈಯ ಮಾತನ್ನು ತಡೆಯಬಾರದೆಂಬುದು ಆಯುರ್ವೇದಕ್ಕೂ ಮುಖ್ಯವಾದ ವಿಷಯ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ಬಲವಂತವಾಗಿ ಹತ್ತಿಕ್ಕಬಾರದ 13 ವೇಗಗಳನ್ನು ಎಣಿಸುತ್ತದೆ. ಮಲಮೂತ್ರ, ಸೀನು, ಆಕಳಿಕೆಗಳ ಜೊತೆಗೆ ಹಸಿವು, ಬಾಯಾರಿಕೆ, ನಿದ್ದೆ, ಕಣ್ಣೀರು, ದುಡಿಮೆಯ ಏದುಸಿರು ಕೂಡ ಆ ಪಟ್ಟಿಯಲ್ಲಿವೆ. ಕಾಳು ಬೇಯಿಸಿ ಬಸಿದ ತಿಳಿಯನ್ನು ವೈದ್ಯಗ್ರಂಥಗಳು ಯೂಷ ಎನ್ನುತ್ತವೆ. ಹೆಸರುಕಾಳಿನ ಯೂಷ, ಹುರಳಿಯ ಯೂಷ ಎರಡೂ ರೋಗಿಗೆ ಹೇಳಿದ ಪಥ್ಯಗಳು. ಹಳ್ಳಿಯ ಹುರಳಿಕಟ್ಟಿಗೆ ಗ್ರಂಥದ ಹೆಸರು ಗೊತ್ತಿಲ್ಲದಿರಬಹುದು, ಕೆಲಸ ಅದೇ.

ಬಾಯಿ ಏಕೆ ಕೆಡುತ್ತದೆ

ದೇಹದ ಒಳಗಿನ ಸುದ್ದಿ ಮಿದುಳಿಗೆ ಮುಟ್ಟುವ ಬಗೆಯನ್ನು ಆಧುನಿಕ ವಿಜ್ಞಾನವೂ ಅಧ್ಯಯನ ಮಾಡಿದೆ. ಹೊರಗಿನದನ್ನು ಅರಿಯಲು ಕಣ್ಣು, ಕಿವಿ ಇರುವಂತೆ ಒಳಗಿನದನ್ನು ಅರಿಯುವ ನರಗಳೂ ಇವೆ ಎಂದು ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿಂಗಡಿಸಿ ಹೇಳಿದ. ಅಮೆರಿಕದ ವಾಲ್ಟರ್ ಕ್ಯಾನನ್ 1932ರಲ್ಲಿ ಬರೆದ ಪುಸ್ತಕಕ್ಕೆ ‘ದೇಹದ ವಿವೇಕ’ ಎಂಬರ್ಥದ ಹೆಸರನ್ನೇ ಇಟ್ಟ. ರಕ್ತದ ಉಪ್ಪು, ಸಕ್ಕರೆ, ನೀರು, ಶಾಖ ಇವುಗಳನ್ನು ದೇಹ ತಾನೇ ಹದದಲ್ಲಿಡುವ ಬಗೆಯನ್ನು ಅದು ವಿವರಿಸುತ್ತದೆ.

ಸೋಂಕು ತಗುಲಿದಾಗ ಬಾಯಿ ಕೆಡುವುದೂ ಅಂಥ ಏರ್ಪಾಡಿನ ಭಾಗ. ಸೋಂಕಿನೊಡನೆ ಹೋರಾಡುವ ರಕ್ಷಕಕಣಗಳು ಹೊರಹಾಕುವ ಕೆಲವು ರಾಸಾಯನಿಕಗಳು ಮಿದುಳಿನ ಮೇಲೆ ಕೆಲಸ ಮಾಡಿ ಹಸಿವನ್ನು ತಗ್ಗಿಸುತ್ತವೆ, ನಿದ್ದೆ ತರಿಸುತ್ತವೆ, ಮೈಯನ್ನು ಭಾರ ಮಾಡುತ್ತವೆ. ಮೂಗು ಕಟ್ಟಿದಾಗ ವಾಸನೆ ತಿಳಿಯದು. ವಾಸನೆಯಿಲ್ಲದೆ ರುಚಿಯ ಬಹುಪಾಲು ಇಲ್ಲ. ಅಂಥ ಹೊತ್ತಿನಲ್ಲಿ ಬಿಸಿನೀರು, ಉಪ್ಪು, ಹುಳಿ, ಖಾರ ನಾಲ್ಕೂ ಸೇರಿದ ತಿಳಿಸಾರು ಬೇರೆ ಯಾವ ಆಹಾರಕ್ಕಿಂತಲೂ ಸುಲಭವಾಗಿ ಒಳಗೆ ಇಳಿಯುತ್ತದೆ. ಮೆಣಸಿನಕಾಯಿಯ ಖಾರ ಒಂದು ರುಚಿಯೇ ಅಲ್ಲ. ಬಿಸಿ ತಾಗಿದಾಗ ಸುದ್ದಿ ಕಳಿಸುವ ನರದ ತುದಿಗಳನ್ನೇ ಅದು ಕೆರಳಿಸುತ್ತದೆ. ಇದಕ್ಕೆ ಕಾರಣವಾದ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಉಪ್ಪೆಸರು ಉಂಡು ಹಣೆ ಬೆವೆತು ಮೂಗು ಸೋರುವುದರ ಹಿಂದೆ ಇರುವುದು ಈ ನರಗಳ ಮೋಸ: ಬೆಂಕಿಯಿಲ್ಲದೆ ಬಿಸಿಯ ಸುದ್ದಿ.

ಬಿಸಿಸಾರು ನೆಗಡಿಗೆ ಹಿತವೆಂಬುದನ್ನು ಪ್ರಯೋಗಕ್ಕೆ ಒಡ್ಡಿದವರೂ ಉಂಟು. ಬಿಸಿ ಕೋಳಿಸಾರು ಮೂಗಿನ ಲೋಳೆಯನ್ನು ತಣ್ಣೀರಿಗಿಂತ ಬೇಗ ಸಾಗಿಸುತ್ತದೆ ಎಂದು ಅಮೆರಿಕದಲ್ಲಿ 1978ರಲ್ಲಿ ನಡೆದ ಒಂದು ಸಣ್ಣ ಅಧ್ಯಯನ ತೋರಿಸಿತು. ನೆಬ್ರಾಸ್ಕ ವಿಶ್ವವಿದ್ಯಾಲಯದ ಸ್ಟೀಫನ್ ರೆನಾರ್ಡ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋಳಿಸಾರು ಉರಿಯೂತಕ್ಕೆ ಸಂಬಂಧಿಸಿದ ಬಿಳಿರಕ್ತಕಣಗಳ ಚಲನೆಯನ್ನು ತುಸು ತಗ್ಗಿಸಿತು. ಅದು ಗಾಜಿನ ತಟ್ಟೆಯಲ್ಲಿ ನಡೆದ ಪ್ರಯೋಗ. ಮನುಷ್ಯರ ನೆಗಡಿ ವಾಸಿಯಾಯಿತೆಂದು ಅವರು ಹೇಳಲಿಲ್ಲ. ಸಾರು ಹಿತ ಕೊಡುತ್ತದೆ, ನೀರು ಒದಗಿಸುತ್ತದೆ, ಹಸಿವನ್ನು ಮೆಲ್ಲಗೆ ಎಬ್ಬಿಸುತ್ತದೆ. ಅದರಿಂದಾಚೆಗೆ ಅದರ ತಲೆಗೆ ಪವಾಡ ಕಟ್ಟಬೇಕಾಗಿಲ್ಲ.

ಪೌಷ್ಟಿಕತೆಯ ಲೆಕ್ಕ ಬೇರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಅಕ್ಕಿ, ಗೋಧಿಗಳಲ್ಲಿ ಅದರ ಕಾಲುಭಾಗವೂ ಇಲ್ಲ. ಅಷ್ಟೇ ತೂಕದ ಹುರಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಉಂಟು. ಸೊಪ್ಪು, ಕಾಳು ಬೆಂದ ನೀರಿಗೆ ಕೆಲವು ಜೀವಸತ್ವಗಳೂ ಲವಣಗಳೂ ಇಳಿಯುತ್ತವೆ. ಆ ನೀರನ್ನು ಚೆಲ್ಲುವ ಅಡುಗೆ ಅವನ್ನೂ ಚೆಲ್ಲುತ್ತದೆ. ಚೆಲ್ಲಬಹುದಾಗಿದ್ದ ಆ ನೀರೇ ಉಪ್ಪೆಸರಿನ ಬಂಡವಾಳ.

ಒಂದೊಂದು ಮೈಗೆ ಒಂದೊಂದು ಸಾರು

ನಾಲ್ಕು ತಾಲ್ಲೂಕುಗಳ ನೆಲ ಒಂದೇ ಅಲ್ಲ. ಸಾರೂ ಒಂದೇ ಅಲ್ಲ. ಕೃಷ್ಣರಾಜನಗರ ಕಾವೇರಿಯ ನಾಲೆಗಳ ಭತ್ತದ ಸೀಮೆ. ಅಲ್ಲಿ ಮಳೆಗಾಲಕ್ಕೆ ಗದ್ದೆಯ ಬದುವಿನ ಏಡಿಯ ಸಾರು ಶೀತ, ಕೆಮ್ಮಿಗೆ ಒಳ್ಳೆಯದೆಂಬ ನಂಬಿಕೆಯಿದೆ. ಹುಣಸೂರು, ಪಿರಿಯಾಪಟ್ಟಣಗಳು ಕೊಡಗಿನ ಮಗ್ಗುಲಿನ ರಾಗಿ, ಹೊಗೆಸೊಪ್ಪು, ಜೋಳದ ನೆಲ. ಸೋನೆ ಹಿಡಿದಾಗ ಹುರಳಿಕಟ್ಟಿನ ಸಾರಿಗೆ ಅಲ್ಲಿ ಬೇಡಿಕೆ. ಹುರಳಿ ಉಷ್ಣ, ಹೆಸರು ತಂಪು ಎಂಬ ಎಣಿಕೆಯಂತೆ ಬೇಸಿಗೆಯಲ್ಲಿ ಕಾಳು ಬದಲಾಗುತ್ತದೆ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಬಲ್ಲ ಸೊಪ್ಪು, ಗೆಡ್ಡೆ, ಅಣಬೆ, ಕಳಲೆಗಳ ಪಟ್ಟಿ ಬಯಲಿನವರದಕ್ಕಿಂತ ಉದ್ದ. ಕಾಡಿನಿಂದ ಹೊರಗೆ ಬಂದು ನೆಲೆಸಬೇಕಾದ ಕುಟುಂಬಗಳಿಗೆ ಆ ಪಟ್ಟಿಯೊಡನೆ ಅಡುಗೆಯ ಒಂದು ಭಾಗವೂ ಕೈಬಿಟ್ಟಿತು.

ಬಾಣಂತಿಯ ಸಾರಿಗೆ ಎಲ್ಲೆಲ್ಲೂ ಪ್ರತ್ಯೇಕ ಸ್ಥಾನ. ಮೆಣಸು, ಜೀರಿಗೆ, ಬೆಳ್ಳುಳ್ಳಿ ಹೆಚ್ಚು, ಹುಳಿ ಕಡಿಮೆ, ಸಬ್ಬಸಿಗೆ ಸೊಪ್ಪು ಕಡ್ಡಾಯವೆನ್ನುವಷ್ಟು. ಹೆರಿಗೆಯ ನಂತರ ದಣಿದ ದೇಹಕ್ಕೆ ಬೇರೆಯವರು ಅಡುಗೆ ಮಾಡಿ ಬಡಿಸುವ ಆ ಕೆಲವು ವಾರಗಳು ಅನೇಕ ಹೆಂಗಸರ ಬದುಕಿನ ಏಕೈಕ ವಿಶ್ರಾಂತಿ. ಆದರೆ ಇದೇ ಪದ್ಧತಿಯಲ್ಲಿ ಬಾಣಂತಿಗೆ ನೀರನ್ನು ಅಳೆದು ಕೊಡುವ ಕಟ್ಟಳೆಯೂ ಇತ್ತು. ಹಾಲೂಡುವ ತಾಯಿಗೆ ಬಾಯಾರಿಕೆ ಹೆಚ್ಚುವುದು ಸಹಜ. ಕೇಳಿದಷ್ಟು ನೀರು ಕೊಡಬೇಕೆಂದು ವೈದ್ಯರು ಹೇಳುತ್ತಾರೆ. ಮೈಯ ಮಾತು ಕೇಳುವ ಸಂಪ್ರದಾಯವೇ ಕೆಲವು ಕಡೆ ಆ ಮಾತಿಗೆ ಕಿವಿ ಮುಚ್ಚಿಕೊಂಡದ್ದೂ ಉಂಟು.

ದೂರದ ನೆಂಟರು

ದಣಿದ ದೇಹಕ್ಕೆ ಸಾರಿನ ಆಸರೆ ಕೊಡುವುದು ಈ ಸೀಮೆಯೊಂದರ ಗುಟ್ಟಲ್ಲ. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ಬಂದು ನೆಲೆಸಿದ ಟಿಬೆಟನ್ನರು ತಮ್ಮ ಥುಕ್ಪವನ್ನು ಜೊತೆಗೆ ತಂದರು. ಹಿಟ್ಟಿನ ಎಳೆ, ಸೊಪ್ಪು, ಕೆಲವೊಮ್ಮೆ ಮಾಂಸ ಬೇಯಿಸಿದ ಆ ಬಿಸಿಸಾರು ಹಿಮದ ನಾಡಿನ ಉತ್ತರವಾಗಿತ್ತು. ಕೊಡಗಿನ ಮಗ್ಗುಲಿನ ಮಳೆಗೂ ಅದು ಸಲ್ಲುವ ಉತ್ತರವೇ ಆಯಿತು. ಅವರ ಬಟ್ಟಲಿನ ಪಕ್ಕದಲ್ಲೂ ಖಾರದ ಚಟ್ನಿ ಬೇರೆಯಾಗಿಯೇ ಇರುತ್ತದೆ.

ಇನ್ನೂ ದೂರದ ಹೋಲಿಕೆ ಪಶ್ಚಿಮ ಆಫ್ರಿಕದ ನೈಜೀರಿಯದ್ದು. ಅಲ್ಲಿ ‘ಪೆಪ್ಪರ್ ಸೂಪ್’ ಎಂದು ಕರೆಯುವ ತಿಳಿಸಾರು ಮಳೆಗೂ ನೆಗಡಿಗೂ ದಣಿವಿಗೂ ಒದಗುತ್ತದೆ. ಮೀನೋ ಆಡಿನ ಮಾಂಸವೋ ಬೆಂದ ನೀರಿಗೆ ಮೆಣಸಿನ ಕುಲದ ‘ಉಜಿಜ’, ಕಟುಗಂಪಿನ ‘ಉದ’ ಎಂಬ ಕಾಯಿ, ತುಳಸಿಯ ಕುಲಕ್ಕೆ ಸೇರಿದ ಒಂದು ಸೊಪ್ಪು ಬೀಳುತ್ತವೆ. ಈಗ್ಬೊ ಜನರಲ್ಲಿ ಮಗಳು ಹೆತ್ತಾಗ ಅವಳ ತಾಯಿ ಬಂದು ಇದ್ದು ಬಾಣಂತನ ಮಾಡುವ ಪದ್ಧತಿಗೆ ‘ಓಮುಗ್ವೊ’ ಎನ್ನುತ್ತಾರೆ. ಆಗ ಗೆಣಸಿನ ಹೋಳು ಹಾಕಿದ ಖಾರದ ಸಾರನ್ನು ಬಾಣಂತಿಗೆ ಕೊಡುತ್ತಾರೆ. ಹೆಚ್ಚು ಸೊಪ್ಪು, ಬೀಜಗಳ ಗಟ್ಟಿ ಸಾರುಗಳಿಗೆ ಜೊತೆಯಾಗುವುದು ಗೆಣಸನ್ನು ಕುಟ್ಟಿಯೋ ಹಿಟ್ಟನ್ನು ತೊಳಸಿಯೋ ಮಾಡಿದ ಮುದ್ದೆ. ಕೈಯಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುತ್ತಾರೆ. ಅಲ್ಲಿಯ ಇಂಗ್ಲಿಷಿನಲ್ಲಿ ಅದರ ಹೆಸರೇ ‘ನುಂಗು’ ಎಂಬರ್ಥದ ‘ಸ್ವಾಲೊ’. ಹುಣಸೂರಿನವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು.

ಹೋಲಿಕೆ ಬರಿಯ ಕಾಕತಾಳೀಯವೂ ಅಲ್ಲ. ಉಪ್ಪೆಸರು, ಮುದ್ದೆಯ ತಟ್ಟೆಯಲ್ಲಿ ಆಫ್ರಿಕ ಆಗಲೇ ಕುಳಿತಿದೆ. ರಾಗಿಯ ತವರು ಇಥಿಯೋಪಿಯದಿಂದ ಉಗಾಂಡದವರೆಗಿನ ಎತ್ತರದ ನೆಲ. ಅಲಸಂದೆಯೂ ಆಫ್ರಿಕದ ಕಾಳು. ಇಂದು ಅದನ್ನು ಅತಿ ಹೆಚ್ಚು ಬೆಳೆಯುವ ದೇಶ ನೈಜೀರಿಯ. ಹುಣಸೆ ಕೂಡ ಉಷ್ಣವಲಯದ ಆಫ್ರಿಕದ ಮರವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಹುಣಸೆಯ ಊರೆಂದು ಜನ ಬಿಡಿಸಿ ಹೇಳುವ ಹುಣಸೂರಿನ ಹೆಸರಿನಲ್ಲೇ ಆ ದೂರದ ನಂಟು ಅಡಗಿದೆ. ಇವೆಲ್ಲ ಎಷ್ಟೋ ಶತಮಾನಗಳ ಹಿಂದೆ ಕಡಲು ದಾಟಿ ಬಂದು ಇಲ್ಲಿಯವೇ ಆದವು. ತಟ್ಟೆಯಲ್ಲಿ ಅಪ್ಪಟ ದೇಶೀಯನೆಂದರೆ ಹುರಳಿ.

ಸಾರು ಉತ್ತರವಲ್ಲದ ಹೊತ್ತು

ದೇಹದ ಎಲ್ಲ ಮಾತಿಗೂ ಸಾರು ಉತ್ತರವಾಗುವುದಿಲ್ಲ. ಇದಕ್ಕೆ ಈ ಸೀಮೆಯ ಮುಖ್ಯ ವಾಣಿಜ್ಯ ಬೆಳೆಯೇ ಒಂದು ನಿದರ್ಶನ. ಈ ತಾಲ್ಲೂಕುಗಳ ಹೊಗೆಸೊಪ್ಪು ಸಿಗರೇಟಿಗೆ ಹೋಗುವ ವರ್ಜೀನಿಯ ಜಾತಿಯದು. ಮಳೆಗಾಲದ ನಡುವೆ ಎಲೆ ಮುರಿದು, ಕಟ್ಟಿ, ಬ್ಯಾರನ್ನಿನಲ್ಲಿ ಹದ ಮಾಡುತ್ತಾರೆ. ಮಳೆಯಲ್ಲೋ ಇಬ್ಬನಿಯಲ್ಲೋ ನೆನೆದ ಹಸಿ ಎಲೆಯನ್ನು ಬರಿಗೈಯಲ್ಲಿ ಮುಟ್ಟಿದರೆ ಅದರ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆ ಸುತ್ತು, ತಲೆನೋವು, ವಾಕರಿಕೆ, ವಾಂತಿ ಅದರ ಲಕ್ಷಣಗಳು. ಅಮೆರಿಕದ ಫ್ಲಾರಿಡದ ಕೂಲಿಗಳಲ್ಲಿ ಕಂಡ ಈ ತೊಂದರೆಯನ್ನು 1970ರಲ್ಲಿ ವೈದ್ಯರು ವರದಿ ಮಾಡಿದರು. ‘ಹಸಿ ತಂಬಾಕಿನ ಕಾಯಿಲೆ’ ಎಂಬರ್ಥದ ಹೆಸರು ಅದಕ್ಕೆ ನಿಂತಿತು. ಎಲೆ ಮುರಿದು ಬಂದ ಸಂಜೆ ಹೊಟ್ಟೆ ತೊಳಸಿದರೆ ಅದನ್ನು ‘ಬಾಯಿ ಕೆಟ್ಟಿದೆ’ ಎಂದುಕೊಂಡು ಉಪ್ಪೆಸರು ಉಂಡು ಮಲಗುವುದು ಸುಲಭ. ಹಿತವೂ ಆದೀತು. ಆದರೆ ಮಾರನೆಯ ಬೆಳಗ್ಗೆ ಅದೇ ಕೈ ಅದೇ ಎಲೆಯನ್ನು ಮುಟ್ಟುತ್ತದೆ. ಮೈ ಕೇಳುತ್ತಿರುವುದು ಕೈಗವಸು, ಮುಚ್ಚಿದ ತೋಳು, ಕೆಲಸದ ನಂತರ ಸೋಪು ನೀರು, ಎಲೆ ಒಣಗುವವರೆಗೆ ಕಾಯುವ ಅವಕಾಶ. ಕೂಲಿಯವರಿಗೆ ಆ ಅವಕಾಶವನ್ನು ಕೊಡುವುದು ಹೊಲದ ಯಜಮಾನನ ಕೈಯಲ್ಲಿದೆ.

ಹಾಗೆಯೇ ಎರಡು ವಾರ ಮೀರಿದ ಕೆಮ್ಮು ಮೆಣಸಿನ ಸಾರಿನ ವಿಷಯವಲ್ಲ, ಕಫ ಪರೀಕ್ಷೆಯ ವಿಷಯ. ಬಿಡದ ಜ್ವರಕ್ಕೆ ರಕ್ತಪರೀಕ್ಷೆ ಬೇಕು. ರಕ್ತದೊತ್ತಡ ಇರುವವರು ಹೆಸರಿನಲ್ಲೇ ಉಪ್ಪಿರುವ ಈ ಸಾರಿನ ಉಪ್ಪನ್ನು ತಗ್ಗಿಸಿಕೊಳ್ಳಬೇಕು. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಖಾರವನ್ನು ಬೇರೆಯಿಡುವ ಮನೆ ಉಪ್ಪಿನಲ್ಲಿ ಒಂದು ಪಾಲನ್ನೂ ಬೇರೆಯಿಟ್ಟರೆ ಅಡುಗೆಯ ಸ್ವಭಾವಕ್ಕೆ ಅದು ವಿರುದ್ಧವೇನಲ್ಲ.

ಸಾರಿನ ಮೂಲವಸ್ತುವಿಗೂ ಕಷ್ಟ ಬಂದಿದೆ. ಕಳೆನಾಶಕ ಹೊಡೆದ ಶುಂಠಿ, ಜೋಳದ ಹೊಲದಲ್ಲಿ ಬೆರಕೆ ಸೊಪ್ಪು ಆಯುವ ಹಾಗಿಲ್ಲ. ಅಣ್ಣೆಯೂ ಹೊನಗೊನೆಯೂ ಆ ಮದ್ದಿನ ಪಾಲಿಗೆ ಕಳೆಯೇ. ಪೇಟೆಯ ಸೊಪ್ಪಿನ ಕಟ್ಟಿನಲ್ಲಿ ಎರಡು ಮೂರು ಜಾತಿ ಮಾತ್ರ ಉಳಿದಿವೆ. ಅಂಗಡಿಯ ಪೊಟ್ಟಣದ ಸೂಪಿಗೆ ಐದು ನಿಮಿಷ ಸಾಕು. ಆದರೆ ಅದರ ಉಪ್ಪು, ಖಾರ, ರುಚಿ ಎಲ್ಲವನ್ನೂ ಎಲ್ಲೋ ಕುಳಿತ ಕಾರ್ಖಾನೆ ಮೊದಲೇ ತೀರ್ಮಾನಿಸಿರುತ್ತದೆ. ಉಣ್ಣುವವನ ಮೈಯನ್ನು ಕೇಳುವ ಜಾಗ ಅಲ್ಲಿಲ್ಲ.

ಒಲೆಯ ಮುಂದಿನ ಮೈ

ಎಲ್ಲರ ಬಾಯಿ, ಎಲ್ಲರ ಹೊಟ್ಟೆ ವಿಚಾರಿಸುವ ಈ ವ್ಯವಸ್ಥೆಯಲ್ಲಿ ಒಂದು ಮೈ ಮಾತ್ರ ಲೆಕ್ಕಕ್ಕೆ ಬಾರದೆ ಉಳಿದುಬಿಡುತ್ತದೆ. ಅದು ಅಡುಗೆ ಮಾಡುವವಳದು. ಗಂಡನಿಗೆ ಬಾಯಿ ಕೆಟ್ಟರೆ ಉಪ್ಪೆಸರು, ಅತ್ತೆಗೆ ಶೀತವಾದರೆ ಹುರಳಿಕಟ್ಟು, ಮಗನಿಗೆ ಜ್ವರ ಬಿಟ್ಟರೆ ಮೆಣಸಿನ ಸಾರು. ಅವಳಿಗೆ ತಲೆ ಸುತ್ತಿದರೆ? ‘ಏನೋ ಸುಸ್ತು’ ಎಂದು ಅವಳೇ ಮಾತು ಮುಗಿಸುತ್ತಾಳೆ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕುಳಿತಾಗ ಪಾತ್ರೆಯಲ್ಲಿ ಸಾರು ಇರುತ್ತದೆ, ಸೊಪ್ಪುಕಾಳು ಇರುವುದಿಲ್ಲ. ಬಸಿದ ನೀರಿನಲ್ಲಿ ಹಿತವಿದೆ, ನಿಜ. ಆದರೆ ಕಬ್ಬಿಣಾಂಶವೂ ಪ್ರೋಟೀನೂ ಹೆಚ್ಚಾಗಿ ಉಳಿಯುವುದು ಪಲ್ಯವಾಗಿ ಬೇರೆಯವರ ತಟ್ಟೆಗೆ ಹೋದ ಕಾಳಿನಲ್ಲಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 48ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಅವರು ‘ಸುಸ್ತು’ ಎಂದು ತಳ್ಳಿಹಾಕುವ ಮಾತಿನ ಹಿಂದೆ ರಕ್ತದ ಕೊರತೆ ಇದ್ದೀತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳಿನ ಒಂದು ಹನಿ ರಕ್ತದಿಂದ ಅದನ್ನು ಅಳೆಯಬಹುದು. ಕಬ್ಬಿಣಾಂಶದ ಮಾತ್ರೆ ಅಲ್ಲಿ ಉಚಿತ. ಕಾಳಿನ ಪಲ್ಯಕ್ಕೆ ನಿಂಬೆರಸ ಹಿಂಡಿಕೊಂಡರೆ ಅದರ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ. ಉಂಡ ತಕ್ಷಣದ ಕಾಫಿ, ಟೀ ಅದಕ್ಕೆ ಅಡ್ಡಿ. ಆದರೆ ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು ಪಲ್ಯ ಬಡಿಸುವಾಗಲೇ ಅವಳ ಪಾಲನ್ನು ಎತ್ತಿಡುವುದು.

ಉಪ್ಪೆಸರು ಕಲಿಯುವುದಕ್ಕೆ ಕಷ್ಟದ ಅಡುಗೆಯಲ್ಲ. ಕಾಳು ನೆನೆಹಾಕುವುದು, ಸೊಪ್ಪು ಸೋಸುವುದು, ಬಸಿಯುವುದು, ಖಾರ ಅರೆಯುವುದು ಇಷ್ಟೇ ಕೆಲಸ. ಮನೆಯ ಗಂಡುಮಕ್ಕಳೂ ಒಂದೆರಡು ಸಲ ನೋಡಿದರೆ ಬರುತ್ತದೆ. ‘ಬಾಯಿ ಕೆಟ್ಟಿದೆ ಕಣವ್ವ’ ಎಂದು ತಾಯಿಗೆ ಹೇಳಿ ಉಂಡು ಬೆಳೆದವರು ಒಂದು ಸಂಜೆ ಅವಳನ್ನು ಕೂರಿಸಿ, ‘ನಿನ್ನ ಬಾಯಿಗೆ ಏನು ಬೇಕು ಅವ್ವ?’ ಎಂದು ಕೇಳಬಹುದು. ಮೊದಲ ಸಲ ಅವಳು ‘ನನಗೇನು ಬೇಕು, ಏನಾದರೂ ನಡೆಯುತ್ತೆ’ ಎಂದೇ ಅಂದಾಳು. ಇನ್ನೊಮ್ಮೆ ಕೇಳಬೇಕು. ಖಾರದ ಬಟ್ಟಲನ್ನು ಅವಳ ಪಕ್ಕದಲ್ಲಿಟ್ಟು, ಎಷ್ಟು ಬೇಕೋ ಅಷ್ಟನ್ನು ಅವಳೇ ಹಾಕಿಕೊಳ್ಳಲು ಬಿಡಬೇಕು.